ರೂಪಾಯಿಯ ಏರಿಳಿತ ಮತ್ತು ವಿದೇಶ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯವರು ಮದುವೆ ಮನೆಗಳಲ್ಲಿ, ಸೊಸೈಟಿಯ ಜಗಲಿಯಲ್ಲಿ, ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆಗಳಿವು. ಕೆಲವು ಹಿರಿಯರು ಈಗಲೂ ಕಾಗದ ಬರೆದೇ ಕೇಳುತ್ತಾರೆ. ನಾನು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಮೇಜಿನಲ್ಲಿ ಕೂತವನು ಎಂದು ಗೊತ್ತಿರುವುದರಿಂದ ಎಲ್ಲರ ಮೊದಲ ಪ್ರಶ್ನೆ ಒಂದೇ: "ಡಾಲರು ಇನ್ನು ಎಷ್ಟಕ್ಕೆ ಹೋದೀತು?" ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಉಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. 'ಲೆಕ್ಕಕ್ಕೆ' ಎಂದು ಹೇಳಿ ಕೊಟ್ಟ ಅಂಕಿಗಳು ವಿಷಯ ಬಿಡಿಸಿ ಹೇಳಲು ಮಾತ್ರ.

## ಶುರುವಿನ ಪ್ರಶ್ನೆಗಳು

ರೂಪಾಯಿ ಬೀಳುವುದೂ ಏರಿಳಿತವೂ ಒಂದೇ ಅಲ್ವಾ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ರೂಪಾಯಿ ತಿಂಗಳಿಗೆ ಇಷ್ಟಿಷ್ಟೇ ಎಂದು ನಿಧಾನವಾಗಿ ಇಳಿಯುತ್ತಾ ಹೋದರೆ ಅದು ಇಳಿತ. ಎಲ್ಲರಿಗೂ ಅದರ ಅಂದಾಜು ಇರುತ್ತದೆ, ಬೆಲೆ ಹೇಳುವಾಗಲೇ ಸೇರಿಸಿಕೊಳ್ಳುತ್ತಾರೆ. ಯಾವ ಕಡೆಗೆ, ಎಷ್ಟು ಹಾರುತ್ತದೆ ಎಂದು ಅಂದಾಜಿಗೇ ಸಿಗದಿದ್ದರೆ ಅದು ಏರಿಳಿತ.

ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ಡಾಲರು ಹೆಚ್ಚುಕಮ್ಮಿ ವರ್ಷಪೂರ್ತಿ 81ರಿಂದ 83 ರೂಪಾಯಿಯ ಆಸುಪಾಸಿನಲ್ಲೇ ಇತ್ತು. 2013ರಲ್ಲಿ ಮೇ ತಿಂಗಳ ಶುರುವಿಗೆ 54ರ ಹತ್ತಿರ ಇದ್ದದ್ದು ಆಗಸ್ಟ್ 28ಕ್ಕೆ 68 ದಾಟಿತು. ಅಕ್ಟೋಬರಿಗೆ ತಿರುಗಿ 61-62ಕ್ಕೆ ಬಂತು. 2023ರ ರೂಪಾಯಿ 2013ಕ್ಕಿಂತ ಎಷ್ಟೋ 'ಬಿದ್ದ' ರೂಪಾಯಿ. ಆದರೆ ವ್ಯಾಪಾರಿಗೆ ನಿದ್ದೆಗೆಡಿಸಿದ್ದು 2013ರದ್ದು.

ಈ ರೇಟನ್ನು ದಿನಾ ಯಾರು ಫಿಕ್ಸ್ ಮಾಡುವುದು? ರಿಸರ್ವ್ ಬ್ಯಾಂಕಾ?

ಒಂದು ಕಾಲದಲ್ಲಿ ಹೌದು. 1966ರ ಜೂನ್ 6ರಂದು ಡಾಲರಿನ ಬೆಲೆಯನ್ನು 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿಸಿದ್ದು ಸರಕಾರವೇ. 1991ರ ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿಯ ಬೆಲೆ ಇಳಿಸಿದ್ದೂ ಹಾಗೆಯೇ. 1993ರ ಮಾರ್ಚಿನಿಂದ ದರ ಮಾರುಕಟ್ಟೆಯಲ್ಲೇ ಹುಟ್ಟುತ್ತದೆ. ಡಾಲರು ಬೇಕಾದವರು ಜಾಸ್ತಿಯಾದರೆ ಏರುತ್ತದೆ, ಮಾರುವವರು ಜಾಸ್ತಿಯಾದರೆ ಇಳಿಯುತ್ತದೆ. ರಿಸರ್ವ್ ಬ್ಯಾಂಕು ಇಂತಿಷ್ಟೇ ಇರಬೇಕೆಂದು ಹಟ ಹಿಡಿಯುವುದಿಲ್ಲ. ಜೋರಾಗಿ ಹಾರಾಡತೊಡಗಿದರೆ ಮಾತ್ರ ತನ್ನ ಡಾಲರು ಮಾರಿ ಅಥವಾ ಪೇಟೆಯಿಂದ ಕೊಂಡು ತಡೆಯುತ್ತದೆ. ಅದರ ಅಧಿಕೃತ ಮಾತಿನಲ್ಲೂ ಇರುವುದು ಇದೇ: ಅತಿಯಾದ ಏರಿಳಿತಕ್ಕೆ ಕಡಿವಾಣ.

ಮಗ ದುಬೈಯಲ್ಲಿದ್ದಾನೆ. ಅವನ ದಿರಮಿಗೂ ಅಮೆರಿಕದ ಡಾಲರಿಗೂ ಎಂಥ ಸಂಬಂಧ?

ಗಟ್ಟಿ ಸಂಬಂಧ. 1997ರಿಂದ ಒಂದು ಡಾಲರಿಗೆ 3.6725 ದಿರಮ್ ಎಂದು ಯುಎಇ ಕಟ್ಟಿಹಾಕಿದೆ. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75. ಕತಾರ್, ಒಮಾನ್, ಬಹರೈನ್ ಕೂಡ ಹೀಗೆಯೇ. ಕುವೈಟ್ ದಿನಾರ್ ಮಾತ್ರ ಬೇರೆ, ಅದು 2007ರಿಂದ ಹಲವು ಕರೆನ್ಸಿಗಳ ಒಂದು ಗುಂಪಿಗೆ ಕಟ್ಟಿಕೊಂಡಿದೆ.

ಹಾಗಾಗಿ ದಿರಮಿನ ಎದುರು ರೂಪಾಯಿ ಬಿತ್ತು ಎಂದರೆ ಡಾಲರಿನ ಎದುರು ಬಿತ್ತು ಎಂದೇ ಅರ್ಥ. ಲೆಕ್ಕಕ್ಕೆ, ಡಾಲರು 85ರಿಂದ 90 ರೂಪಾಯಿಗೆ ಹೋದರೆ ದಿರಮ್ ಸುಮಾರು 23 ರೂಪಾಯಿ 15 ಪೈಸೆಯಿಂದ 24 ರೂಪಾಯಿ 50 ಪೈಸೆಗೆ ಹೋಗುತ್ತದೆ. ತಿಂಗಳಿಗೆ ಸಾವಿರ ದಿರಮ್ ಕಳಿಸುವವನ ಮನೆಗೆ ಸುಮಾರು 1,360 ರೂಪಾಯಿ ಜಾಸ್ತಿ.

ಹಾಗಾದರೆ ರೂಪಾಯಿ ಬಿದ್ದಷ್ಟೂ ನಮ್ಮ ಕಾಸರಗೋಡಿಗೆ ಒಳ್ಳೆಯದೇ ಅಲ್ವಾ?

ಗಲ್ಫಿನ ದುಡ್ಡು ಬರುವ ಮನೆಗೆ ಆ ತಿಂಗಳು ಒಳ್ಳೆಯದು. ಆದರೆ ಅದೇ ಮನೆಯ ಸ್ಕೂಟರಿಗೆ ಪೆಟ್ರೋಲ್ ಬೇಕು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ, ಬಿಲ್ಲು ಡಾಲರಿನಲ್ಲಿ. ಅಡುಗೆ ಎಣ್ಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು. ತೆಂಗಿನೆಣ್ಣೆಯ ನಾಡಾದರೂ ಹೋಟೆಲಿನ ಬಾಣಲೆಯಲ್ಲಿ ಇರುವುದು ಹೆಚ್ಚಾಗಿ ತಾಳೆ ಎಣ್ಣೆಯೇ.

ಇನ್ನೊಂದು ವಿಷಯ. ಊರಿಗೆ ಬರುವ ಈ ಹಣ ವಿದೇಶ ವ್ಯಾಪಾರದ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೆ ಬೇರೆ ಖಾತೆ. ಆದರೂ ನಾವು ರಫ್ತಿಗಿಂತ ಹೆಚ್ಚು ಆಮದು ಮಾಡುವುದರಿಂದ ಬೀಳುವ ಗುಂಡಿಯನ್ನು ದೊಡ್ಡ ಪಾಲು ತುಂಬಿಸುವುದು ಇದೇ ಹಣ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2024ರಲ್ಲಿ ಭಾರತಕ್ಕೆ ಬಂದದ್ದು ಸುಮಾರು 129 ಬಿಲಿಯನ್ ಡಾಲರು. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯ ಪ್ರಕಾರ ದೇಶಕ್ಕೆ ಹೀಗೆ ಬಂದ ಹಣದಲ್ಲಿ ಕೇರಳದ ಪಾಲು ಶೇ 19.7. ಈ ಹಣ ವರ್ಷವಿಡೀ ಒಂದೇ ಸಮ ಬರುತ್ತದೆ, ಷೇರು ಪೇಟೆಗೆ ಬರುವ ವಿದೇಶಿ ಹಣದ ಹಾಗೆ ಹೆದರಿ ಓಡುವುದಿಲ್ಲ. ರೂಪಾಯಿ ಈಗ ಇರುವಷ್ಟಾದರೂ ನೆಟ್ಟಗೆ ನಿಲ್ಲಲು ಗಲ್ಫಿನಲ್ಲಿ ದುಡಿಯುವವರೂ ಕಾರಣ ಎಂದು ನನ್ನ ಲೆಕ್ಕ.

ಪವನ್ (ಎಂಟು ಗ್ರಾಂ ಚಿನ್ನ) ರೇಟು ದಿನಾ ಬದಲಾಗುವುದೂ ಇದರಿಂದಲೇನಾ?

ಅರ್ಧ ಹೌದು. ಚಿನ್ನದ ಬೆಲೆ ಹುಟ್ಟುವುದು ಹೊರಗೆ, ಡಾಲರಿನಲ್ಲಿ. ಅದನ್ನು ಆ ದಿನದ ರೂಪಾಯಿ ದರದಿಂದ ಗುಣಿಸಿ, ಆಮದು ಸುಂಕ ಸೇರಿಸಿದರೆ ನಮ್ಮ ಪವನ್ ರೇಟು. ಸುಂಕವೂ ಸಣ್ಣದಲ್ಲ: 2024ರ ಜುಲೈಯಲ್ಲಿ ಶೇ 15ರಿಂದ ಶೇ 6ಕ್ಕೆ ಇಳಿಸಿದರು, ಬೆಲೆ ಕೂಡಲೇ ಇಳಿಯಿತು. ರೂಪಾಯಿಗೂ ಡಾಲರಿಗೂ ಆ ದಿನ ಹೆಚ್ಚೇನೂ ಆಗಿರಲಿಲ್ಲ.

## ತೋಟದ ಪ್ರಶ್ನೆಗಳು

ನಮ್ಮ ಅಡಿಕೆ ತಿನ್ನುವುದು ಉತ್ತರದವರು. ಅಡಿಕೆಗೆ ಡಾಲರಿನ ಉಸಾಬರಿ ಯಾಕೆ?

ನಮ್ಮ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಹೋಗುವುದು ಗುಜರಾತಿಗೆ, ಉತ್ತರಕ್ಕೆ, ಸರಿ. ರಫ್ತು ಲೆಕ್ಕಕ್ಕಿಲ್ಲದಷ್ಟು. ಆದರೆ ಇಂಡೋನೇಷ್ಯಾ, ಶ್ರೀಲಂಕಾ, ಮ್ಯಾನ್ಮಾರ್ ಅಡಿಕೆ ಬಂದು ಕೂರುವುದು ಅದೇ ಗುಜರಾತಿನ ಗೋದಾಮಿನಲ್ಲಿ. ಆ ಅಡಿಕೆಯ ಬೆಲೆ ಡಾಲರಿನಲ್ಲಿ ಇರುತ್ತದೆ. ರೂಪಾಯಿ ಬಿದ್ದರೆ ಅದು ದುಬಾರಿಯಾಗುತ್ತದೆ, ನಮಗೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಇನ್ನೊಂದು ಮುಖವಿದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಬಂದರಿಗೆ ಮುಟ್ಟುವಾಗ ಅದಕ್ಕಿಂತ ಅಗ್ಗದ ಅಡಿಕೆ ತರುವಂತಿಲ್ಲ. ಈ ಬೇಲಿಯ ಎತ್ತರ ರೂಪಾಯಿಯಲ್ಲಿದೆ, ಅಡಿಕೆಯ ಬೆಲೆ ಡಾಲರಿನಲ್ಲಿದೆ. ಲೆಕ್ಕಕ್ಕೆ, ಕಿಲೋಗೆ 4 ಡಾಲರು 20 ಸೆಂಟಿನ ಅಡಿಕೆ ಎಂದಿಟ್ಟುಕೊಳ್ಳಿ. ಡಾಲರಿಗೆ 82 ರೂಪಾಯಿ ಇದ್ದಾಗ ಅದು 344 ರೂಪಾಯಿ, ಒಳಗೆ ಬರುವ ಹಾಗಿಲ್ಲ. ಡಾಲರು 85 ಆಯಿತೋ, ಅದೇ ಅಡಿಕೆ 357 ರೂಪಾಯಿ, ಬೇಲಿ ದಾಟಿ ಬಂತು! ಸುಂಕ ಹೇಗೂ ಕಟ್ಟಬೇಕು ಅನ್ನಿ. ಆದರೂ ರೂಪಾಯಿ ಬಿದ್ದ ಹಾಗೆ ಬೇಲಿ ಗಿಡ್ಡವಾಗುತ್ತದೆ, ವರ್ಷ ಕಳೆದಂತೆ ಅದನ್ನು ಮತ್ತೆ ಎತ್ತಬೇಕಾಗುತ್ತದೆ.

ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಯಾವ ಕನಿಷ್ಠ ಬೆಲೆಯೂ ಇಲ್ಲ. ಅದರ ಲೆಕ್ಕ ಬೇರೆ.

ಒಳ್ಳೆಮೆಣಸು, ಕೊಕ್ಕೊ ಬೆಲೆ ಹಾರಾಡುವುದೂ ರೂಪಾಯಿಯಿಂದಲಾ?

ಮೆಣಸಿಗೆ ವಿಯೆಟ್ನಾಮೇ ಯಜಮಾನ. ಅಲ್ಲಿಯ ಬೆಳೆ, ಅಲ್ಲಿಯ ಕರೆನ್ಸಿ, ಶ್ರೀಲಂಕಾದ ದಾರಿಯಾಗಿ ಸುಂಕ ತಪ್ಪಿಸಿ ಬರುವ ಸರಕು, ಇವೆಲ್ಲ ಸೇರಿ ನಮ್ಮ ಬೆಲೆ ಆಗುತ್ತದೆ. ಇದಕ್ಕೂ 2017ರ ಡಿಸೆಂಬರಿನಿಂದ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಇದೆ.

ಕೊಕ್ಕೊ ವಿಷಯದಲ್ಲಿ ರೂಪಾಯಿಯನ್ನು ಬೈಯುವುದು ಅನ್ಯಾಯ. 2024ರ ಮಾರ್ಚ್-ಏಪ್ರಿಲಿನಲ್ಲಿ ಕೊಕ್ಕೊ ಬೀಜ ಟನ್ನಿಗೆ ಹತ್ತು ಸಾವಿರ ಡಾಲರು ದಾಟಿತು. ಪಶ್ಚಿಮ ಆಫ್ರಿಕಾದ ಬೆಳೆ ಹಾಳಾದದ್ದು ಕಾರಣ. ಮುಂದಿನ ವರ್ಷದ ಕೊನೆಗೆ ಅದರ ಅರ್ಧದ ಆಸುಪಾಸಿಗೆ ಬಂತು. ಆ ಹೊತ್ತಿನಲ್ಲಿ ರೂಪಾಯಿ ಆಡಿದ್ದು ಶೇಕಡಾ ಕೆಲವೇ ಅಂಶ. ಕೃಷಿಕರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ನಿಮ್ಮ ಬೆಳೆಯ ಬೆಲೆಯೇ ಕರೆನ್ಸಿಗಿಂತ ಹತ್ತು ಪಾಲು ಜಾಸ್ತಿ ಕುಣಿಯುತ್ತಿದ್ದರೆ, ಮೊದಲು ಅದನ್ನು ನೋಡಿ.

ಯೂರಿಯಾ ಬೆಲೆ ಅಲ್ಲಾಡುವುದಿಲ್ಲ, ಪೊಟ್ಯಾಷ್ ಮಾತ್ರ ಯಾಕೆ ಹೀಗೆ?

ಏರಿಳಿತದ ಪೆಟ್ಟು ಯಾರ ಬೆನ್ನಿಗೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 45 ಕಿಲೋ ಯೂರಿಯಾ ಚೀಲಕ್ಕೆ ಸರಕಾರ 242 ರೂಪಾಯಿ ಎಂದು ಕಟ್ಟಿಹಾಕಿದೆ (ತೆರಿಗೆ, ಬೇವಿನ ಲೇಪದ ಖರ್ಚು ಬೇರೆ). ಡಾಲರು ಎಷ್ಟೇ ಹಾರಲಿ, ವ್ಯತ್ಯಾಸ ಬಜೆಟ್ಟಿನಿಂದ ಹೋಗುತ್ತದೆ. ಪೊಟ್ಯಾಷಿಗೆ 2010ರಿಂದ ವ್ಯವಸ್ಥೆಯೇ ಬೇರೆ: ಸಬ್ಸಿಡಿಯೇ ಇಂತಿಷ್ಟು ಎಂದು ನಿಗದಿ, ಅಂಗಡಿಯ ಬೆಲೆ ಸಡಿಲ. ದೇಶದಲ್ಲಿ ಪೊಟ್ಯಾಷ್ ಗಣಿ ಇಲ್ಲ, ಬೇಕಾದದ್ದೆಲ್ಲ ಆಮದು. ಹೊರಗಿನ ಬೆಲೆ, ಡಾಲರಿನ ದರ ಎರಡೂ ನೇರ ನಿಮ್ಮ ಚೀಲದ ಮೇಲೆ. 2022ರಲ್ಲಿ ಚೀಲಕ್ಕೆ 1,700 ರೂಪಾಯಿ ಮುಟ್ಟಿದ್ದು ನೆನಪಿರಬಹುದು.

ಮಳೆಗಾಲದಲ್ಲಿ ಮದ್ದು ಬಿಡಲು ಬೇಕಾದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಕಥೆಯೂ ಹೀಗೆಯೇ. ತುತ್ತಿನ ಬೆಲೆ ತಾಮ್ರದ ಬೆನ್ನು ಹಿಡಿದು ಹೋಗುತ್ತದೆ, ತಾಮ್ರದ ಬೆಲೆ ನಿಗದಿಯಾಗುವುದು ಲಂಡನ್ನಿನಲ್ಲಿ, ಡಾಲರಿನಲ್ಲಿ.

## ವ್ಯಾಪಾರಕ್ಕೆ ಇಳಿದವರ ಪ್ರಶ್ನೆಗಳು

ರೇಟು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಸರಾಸರಿ ನೋಡಿದರೆ ಸರಿಹೋಗುತ್ತದಲ್ಲ, ನಷ್ಟ ಎಲ್ಲಿಂದ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಲೆಕ್ಕಕ್ಕೆ, ನೀವು ಒಂದು ಲಕ್ಷ ಡಾಲರಿನ ಗೇರುಬೀಜದ ತಿರುಳು ಕಳಿಸಲು ಒಪ್ಪಿದ್ದೀರಿ. ಆ ದಿನ ಡಾಲರು 85. ಅಂದರೆ 85 ಲಕ್ಷ. ಖರ್ಚು 81 ಲಕ್ಷ, ಲಾಭ 4 ಲಕ್ಷ. ಮೂರು ತಿಂಗಳ ಮೇಲೆ ಹಣ ಬರುವಾಗ ಡಾಲರು 82 ಆಗಿದ್ದರೆ ಕೈಗೆ 82 ಲಕ್ಷ, ಲಾಭ 1 ಲಕ್ಷ. ದರ ಕದಲಿದ್ದು ಶೇ 3.5. ಲಾಭ ಹೋದದ್ದು ಮುಕ್ಕಾಲು ಪಾಲು. ಡಾಲರು 88 ಆಗಿದ್ದರೆ ಲಾಭ 7 ಲಕ್ಷ ಆಗುತ್ತಿತ್ತು, ನಿಜ. ಸರಾಸರಿ 4 ಲಕ್ಷವೇ.

ಆದರೆ ಸರಾಸರಿಯಿಂದ ಬದುಕಲು ಕಾಯುವ ಶಕ್ತಿ ಬೇಕು. ವರ್ಷಕ್ಕೆ ನೂರು ಕಂಟೇನರ್ ಕಳಿಸುವವನಿಗೆ ಅದಿದೆ. ಎರಡು ಕಳಿಸುವವನಿಗೆ ಮೊದಲನೆಯದರಲ್ಲೇ 78ಕ್ಕೆ ಇಳಿದರೆ ಬ್ಯಾಂಕಿನ ಸಾಲದ ಕಂತೂ ಹೆಂಗಸರ ಕೂಲಿಯೂ ಬಾಕಿ. ಎರಡನೆಯದನ್ನು ಕಳಿಸಲು ಅವನು ಇರುವುದೇ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದೇ ಇಲ್ಲ. ದರ ಹಾರಾಡುತ್ತಿದ್ದರೆ ಸಣ್ಣ ವ್ಯಾಪಾರಿ ಬೆಲೆ ಹೇಳುವಾಗ ಹೆದರಿ ಎರಡು ಸೆಂಟು ಜಾಸ್ತಿಯೇ ಹೇಳುತ್ತಾನೆ. ವಿಯೆಟ್ನಾಮಿನವನು ಹೇಳುವುದಿಲ್ಲ. ಆರ್ಡರ್ ಅವನಿಗೆ ಹೋಗುತ್ತದೆ. ಇಲ್ಲಿ ರಫ್ತು 'ಕಡಿಮೆ ಆಯಿತು' ಎಂದು ಯಾರೂ ಬರೆಯುವುದಿಲ್ಲ, ಯಾಕೆಂದರೆ ಆ ರಫ್ತು ಶುರುವಾಗಲೇ ಇಲ್ಲ. ಅದೇ ಜಾಗಕ್ಕೆ ಮಂಗಳೂರಿನ ಅಥವಾ ಕೊಲ್ಲಂನ ದೊಡ್ಡ ಫ್ಯಾಕ್ಟರಿ ಬಂದರೆ ದೇಶದ ಒಟ್ಟು ಅಂಕಿ ಹಾಗೆಯೇ ಉಳಿಯುತ್ತದೆ. ನಾನು ಕಂಡಂತೆ ಏರಿಳಿತವು ಒಟ್ಟು ವ್ಯಾಪಾರಕ್ಕಿಂತ ಹೆಚ್ಚಾಗಿ ವ್ಯಾಪಾರ ಮಾಡುವವರನ್ನು ಬದಲಿಸುತ್ತದೆ.

ಗೇರುಬೀಜ ತರಿಸುವುದೂ ಡಾಲರಿನಲ್ಲಿ, ತಿರುಳು ಮಾರುವುದೂ ಡಾಲರಿನಲ್ಲಿ. ಮತ್ತೆ ಭಯ ಯಾಕೆ?

ಒಳ್ಳೆಯ ಪ್ರಶ್ನೆ. ನಮ್ಮ ಫ್ಯಾಕ್ಟರಿಗಳಿಗೆ ಊರಿನ ಬೀಜ ಸಾಲದು. ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ-ಬಿಸ್ಸಾವ್, ತಾಂಜಾನಿಯಾಗಳಿಂದ ತರಿಸಬೇಕು. ಡಾಲರಿನಲ್ಲಿ ಕೊಂಡು ಡಾಲರಿನಲ್ಲಿ ಮಾರುವುದರಿಂದ ಅರ್ಧ ರಕ್ಷಣೆ ತಾನಾಗಿಯೇ ಸಿಗುತ್ತದೆ, ನಿಜ.

ಉಳಿದರ್ಧ ಹೋಗುವುದು ಕಾಲದ ಅಂತರದಲ್ಲಿ. ಪಶ್ಚಿಮ ಆಫ್ರಿಕಾದ ಕೊಯ್ಲು ಫೆಬ್ರವರಿಯಿಂದ ಜೂನ್ ಒಳಗೆ. ಬೀಜ ಆಗಲೇ ಕೊಂಡು ದಾಸ್ತಾನು ಮಾಡಬೇಕು. ತಿರುಳು ಮಾರಾಟ ದೀಪಾವಳಿ, ಕ್ರಿಸ್‌ಮಸ್ ಎಂದು ವರ್ಷವಿಡೀ ನಡೆಯುತ್ತದೆ. ಕೊಂಡ ದಿನದ ಡಾಲರೂ ಮಾರಿದ ದಿನದ ಡಾಲರೂ ಒಂದೇ ಅಲ್ಲ. ಅದಲ್ಲದೆ ಈಗ ತಿರುಳಿನ ದೊಡ್ಡ ಪಾಲು ನಮ್ಮ ದೇಶದಲ್ಲೇ ಖರ್ಚಾಗುತ್ತದೆ. ಡಾಲರು ಕೊಟ್ಟು ಬೀಜ ತರಿಸಿ ರೂಪಾಯಿಗೆ ತಿರುಳು ಮಾರುವವನಿಗೆ ಆ ಅರ್ಧ ರಕ್ಷಣೆಯೂ ಇಲ್ಲ.

ನಾವು ಕಣ್ಣೂರಿನಿಂದ ತರಕಾರಿ ವಿಮಾನಕ್ಕೆ ಹಾಕುತ್ತೇವೆ. ನಮಗೂ ಇದೆಲ್ಲ ಬೇಕಾ?

ಅಷ್ಟಾಗಿ ಬೇಡ. ಬೆಂಡೆ, ನುಗ್ಗೆ, ನೇಂದ್ರ ಬಾಳೆಗೆ ಬೆಲೆ ಹೇಳಿದ ದಿನಕ್ಕೂ ಹಣ ಬರುವ ದಿನಕ್ಕೂ ಅಂತರ ಕೆಲವು ವಾರ. ಅಷ್ಟರಲ್ಲಿ ದಿರಮ್ ಹೆಚ್ಚು ಕದಲುವುದಿಲ್ಲ. ನಿಮ್ಮ ದೊಡ್ಡ ಭಯ ಕೊಳೆಯುವುದು, ಕರೆನ್ಸಿ ಅಲ್ಲ. ಯಂತ್ರ ಮಾಡಿ ಕಳಿಸುವವನಿಗೆ ಈ ಅಂತರ ಒಂದು ವರ್ಷವೂ ಆಗಬಹುದು. ಅವನು ಚಿಂತೆ ಮಾಡಬೇಕು.

ಬ್ಯಾಂಕಿನವರು 'ಫಾರ್ವರ್ಡ್ ಮಾಡಿ' ಅಂತಾರೆ. ಹಾಗೆಂದರೆ ಎಂಥದ್ದು? ಖರ್ಚು ಎಷ್ಟು?

ಮುಂದೆ ಬರುವ ಡಾಲರಿಗೆ ಇವತ್ತೇ ರೇಟು ಗೊತ್ತುಮಾಡಿಕೊಳ್ಳುವ ಒಪ್ಪಂದ. ಆರು ತಿಂಗಳ ಮೇಲೆ ಪೇಟೆಯಲ್ಲಿ ಏನೇ ಇರಲಿ, ನಿಮಗೂ ಬ್ಯಾಂಕಿಗೂ ಆ ರೇಟೇ.

ಆ ರೇಟು ಜ್ಯೋತಿಷ್ಯವಲ್ಲ, ಬಡ್ಡಿಯ ಲೆಕ್ಕ. ಭಾರತದಲ್ಲಿ ಬಡ್ಡಿ ಶೇ 6, ಅಮೆರಿಕದಲ್ಲಿ ಶೇ 4 ಇದ್ದರೆ ಒಂದು ವರ್ಷದ ಫಾರ್ವರ್ಡ್ ಇವತ್ತಿನ ರೇಟಿಗಿಂತ ಸುಮಾರು ಶೇ 2 ಮೇಲಿರುತ್ತದೆ. ಅದಕ್ಕೇ ರಫ್ತು ಮಾಡುವವನಿಗೆ ಫಾರ್ವರ್ಡಿನಲ್ಲಿ ಸ್ವಲ್ಪ ಜಾಸ್ತಿಯೇ ಸಿಗುತ್ತದೆ, ಆಮದು ಮಾಡುವವನು ಸ್ವಲ್ಪ ಜಾಸ್ತಿ ಕೊಡಬೇಕು. ರಫ್ತುದಾರನೂ "ಇದಕ್ಕೆ ಖರ್ಚು ಜಾಸ್ತಿ" ಎಂದು ಹಿಂದೆ ಸರಿಯುವುದು ನೋಡಿದರೆ ನನಗೆ ಬೇಸರ. ಅವನಿಗೆ ಹೆಚ್ಚಿನ ಸಮಯ ಅದು ಖರ್ಚೇ ಅಲ್ಲ.

ಇದಲ್ಲದೆ ಆಪ್ಶನ್ ಇದೆ: ಪ್ರೀಮಿಯಂ ಕಟ್ಟಿದರೆ ಕೆಟ್ಟ ರೇಟಿನಿಂದ ರಕ್ಷಣೆ, ಒಳ್ಳೆಯ ರೇಟು ಬಂದರೆ ಅದರ ಲಾಭ. 2008ರ ಆಗಸ್ಟಿನಿಂದ ಎಕ್ಸ್‌ಚೇಂಜಿನಲ್ಲಿ ಕರೆನ್ಸಿ ಫ್ಯೂಚರ್ (ಅಲ್ಲಿ ಕೊಂಡು ಮಾರುವ, ಫಾರ್ವರ್ಡಿನಂಥದ್ದೇ ಒಪ್ಪಂದ) ಕೂಡ ಇದೆ. ಬಂದ ಡಾಲರನ್ನು ಕೂಡಲೇ ರೂಪಾಯಿ ಮಾಡದೆ, ವಿದೇಶಿ ಕರೆನ್ಸಿಯಲ್ಲೇ ಇಡಬಹುದಾದ ಇಇಎಫ್‌ಸಿ ಖಾತೆಯಲ್ಲಿ ಸ್ವಲ್ಪ ಕಾಲ ಇಟ್ಟುಕೊಂಡು, ಅದರಿಂದಲೇ ಆಮದಿನ ಬಿಲ್ಲು ಕಟ್ಟಬಹುದು. ಸಣ್ಣವರಿಗೆ ಎಲ್ಲಕ್ಕಿಂತ ಸುಲಭ ಇದೇ.

ಇಷ್ಟು ಸುಲಭ ಇದ್ದರೆ ಸಣ್ಣವರು ಯಾಕೆ ಮಾಡುವುದಿಲ್ಲ?

ಒಪ್ಪಂದ ಇಬ್ಬರನ್ನೂ ಕಟ್ಟಿಹಾಕುತ್ತದೆ, ಅದಕ್ಕೆ. ದುಬೈಯ ಖರೀದಿದಾರ ಕೊನೆ ಗಳಿಗೆಯಲ್ಲಿ ಆರ್ಡರ್ ರದ್ದು ಮಾಡಿದ ಎಂದಿಟ್ಟುಕೊಳ್ಳಿ. ಸರಕು ಹೋಗಲಿಲ್ಲ, ಡಾಲರು ಬರಲಿಲ್ಲ. ಆದರೆ ಬ್ಯಾಂಕಿಗೆ ಕೊಟ್ಟ ಮಾತು ಹಾಗೆಯೇ ಇದೆ. ಅಷ್ಟರಲ್ಲಿ ಡಾಲರು ಏರಿದ್ದರೆ ಆ ವ್ಯತ್ಯಾಸ ಕೈಯಿಂದ ಕಟ್ಟಿ ಒಪ್ಪಂದ ಮುರಿಯಬೇಕು. ಗಟ್ಟಿ ಆರ್ಡರ್ ಇಲ್ಲದವನಿಗೆ ಫಾರ್ವರ್ಡೇ ಜೂಜು.

ಜೊತೆಗೆ ಬ್ಯಾಂಕಿನಲ್ಲಿ ಇದಕ್ಕೆಂದು ಮಂಜೂರಾದ ಮಿತಿ (ಲಿಮಿಟ್) ಬೇಕು, ಹಳೆ ವ್ಯವಹಾರದ ದಾಖಲೆಯನ್ನೂ ಕೇಳುತ್ತದೆ. ಅದಕ್ಕೇ ನಮ್ಮ ಕಡೆ ಹೆಚ್ಚಿನವರು, ಬೇರೆಯವರ ಸರಕು ಕೊಂಡು ರಫ್ತು ಮಾಡುವ ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ ರೂಪಾಯಿಯಲ್ಲೇ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಭಯ ಅವನಿಗೆ, ಲಾಭದ ದೊಡ್ಡ ಪಾಲೂ ಅವನಿಗೆ.

ಯುಎಇ ಜೊತೆ ರೂಪಾಯಿಯಲ್ಲೇ ವ್ಯಾಪಾರ ಶುರುವಾಗಿದೆ ಅಂತ ಪೇಪರಿನಲ್ಲಿ ಬಂದಿತ್ತು. ಇನ್ನು ಡಾಲರಿನ ತಂಟೆ ಇಲ್ಲ ಅಲ್ವಾ?

ದಾರಿ ತೆರೆದಿದೆ, ಜನ ಇನ್ನೂ ಕಡಿಮೆ. 2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲಿ ಬಿಲ್ಲು ಮಾಡಿ ಹಣ ತೀರಿಸಲು ಅವಕಾಶ ಕೊಟ್ಟಿತು. 2023ರ ಜುಲೈಯಲ್ಲಿ ಯುಎಇ ಜೊತೆ ಒಪ್ಪಂದವಾಯಿತು. ಅದೇ ಆಗಸ್ಟಿನಲ್ಲಿ ಇಂಡಿಯನ್ ಆಯಿಲ್ ಅಬುಧಾಬಿಯ ತೈಲ ಕಂಪನಿ ಅಡ್ನಾಕ್‌ಗೆ ಹತ್ತು ಲಕ್ಷ ಬ್ಯಾರಲ್ ಕಚ್ಚಾ ತೈಲದ ಹಣವನ್ನು ರೂಪಾಯಿಯಲ್ಲಿ ಕಟ್ಟಿತು.

ರೂಪಾಯಿಯಲ್ಲಿ ಬಿಲ್ಲು ಮಾಡಿದರೆ ಏರಿಳಿತ ಮಾಯವಾಗುವುದಿಲ್ಲ, ನಮ್ಮಿಂದ ಅವರಿಗೆ ದಾಟುತ್ತದೆ. ಅವರದು ಡಾಲರಿಗೆ ಕಟ್ಟಿದ ದಿರಮ್ ತಾನೇ. ಅವರು ಸುಮ್ನೆ ಅದನ್ನು ಹೊತ್ತುಕೊಳ್ಳುತ್ತಾರಾ? ಬೆಲೆಯಲ್ಲಿ ಸೇರಿಸುತ್ತಾರೆ.

ಅಂದಹಾಗೆ ಗಲ್ಫಿಗೆ ರೂಪಾಯಿ ಹೊಸದಲ್ಲ. ಒಂದು ಕಾಲದಲ್ಲಿ ದುಬೈ, ಕತಾರಿನ ಅಂಗಡಿಗಳಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಏರಿಳಿತ ಜಾಸ್ತಿಯಾದರೆ ದೇಶದ ವ್ಯಾಪಾರ ಕಡಿಮೆ ಆಗುತ್ತದೆ ಎಂದು ಸಾಬೀತಾಗಿದೆಯಾ?

ಐವತ್ತು ವರ್ಷದಿಂದ ಹುಡುಕುತ್ತಿದ್ದಾರೆ. 1973ರಲ್ಲಿ ದೊಡ್ಡ ದೇಶಗಳ ಕರೆನ್ಸಿಗಳು ಸ್ಥಿರ ದರ ಬಿಟ್ಟು ತೇಲತೊಡಗಿದಾಗ ವ್ಯಾಪಾರ ಕುಸಿಯುತ್ತದೆ ಎಂದು ಹಲವರು ಹೆದರಿದ್ದರು. ಕುಸಿಯಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 1984ರಲ್ಲಿ ನಡೆಸಿದ ಅಧ್ಯಯನಕ್ಕೆ ಗಟ್ಟಿ ಸಂಬಂಧ ಸಿಗಲಿಲ್ಲ. 2004ರಲ್ಲಿ ಮತ್ತೆ ನೋಡಿದಾಗ, ಎರಡೆರಡು ದೇಶಗಳ ನಡುವಿನ ವ್ಯಾಪಾರದಲ್ಲಿ ಸಣ್ಣ ಪೆಟ್ಟು ಕಂಡಿತು. ಅದೂ ಲೆಕ್ಕ ಹಾಕುವ ವಿಧಾನ ಬದಲಿಸಿದರೆ ಮಸುಕಾಗುತ್ತಿತ್ತು.

ಕಂಪನಿಗಳ ಮಟ್ಟಕ್ಕೆ ಇಳಿದು ನೋಡಿದರೆ ಚಿತ್ರ ಸ್ಪಷ್ಟ. ಅರ್ಥಶಾಸ್ತ್ರಜ್ಞರಾದ ಯಿನ್-ವಾಂಗ್ ಚೆಯುಂಗ್ ಮತ್ತು ರಾಜೇಶ್ವರಿ ಸೇನ್‌ಗುಪ್ತ 2000ರಿಂದ 2010ರವರೆಗಿನ ಭಾರತದ ಕಂಪನಿಗಳ ಲೆಕ್ಕ ತೆಗೆದರು. ಏರಿಳಿತ ಜಾಸ್ತಿಯಾದಾಗ ಕಂಪನಿಗಳ ಮಾರಾಟದಲ್ಲಿ ರಫ್ತಿನ ಪಾಲು ಕುಗ್ಗಿತ್ತು. ರಫ್ತಿನ ಪಾಲು ಮೊದಲೇ ಸಣ್ಣದಿದ್ದ ಕಂಪನಿಗಳಿಗೆ ಪೆಟ್ಟು ಇನ್ನೂ ಜೋರು. ಬ್ಯಾಂಕಿನ ಮೇಜಿನಿಂದ ನನಗೆ ಕಂಡದ್ದೂ ಇದೇ.

ಏರಿಳಿತದಿಂದ ರಫ್ತು ಹೆಚ್ಚಾಗುವುದೂ ಇದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಅದು ಹೇಗೆ?

ಮೇಷ್ಟ್ರು ಸರಿ. ಬೆಲ್ಜಿಯಂನ ಅರ್ಥಶಾಸ್ತ್ರಜ್ಞ ಪೌಲ್ ಡಿ ಗ್ರಾವ 1988ರಲ್ಲಿ ತೋರಿಸಿದ ವಾದ ಇದು. ಬಹಳ ಹೆದರುವ ವ್ಯಾಪಾರಿ, ದರ ಕೈಕೊಟ್ಟರೆ ಆದಾಯ ತೀರಾ ಕಡಿಮೆಯಾದೀತು ಎಂದು ಮೊದಲೇ ಹೆಚ್ಚು ಕಳಿಸಿಬಿಡಬಹುದು. ಇನ್ನೊಂದು ದಾರಿಯೂ ಇದೆ. ರೇಟು ಒಳ್ಳೆಯದಿದ್ದಾಗ ಹೊರಗೆ, ಕೆಟ್ಟದಿದ್ದಾಗ ಊರೊಳಗೆ ಮಾರಬಲ್ಲವನಿಗೆ ಏರಿಳಿತವೇ ಅವಕಾಶ. ಗೋದಾಮು, ಬಂಡವಾಳ, ಎರಡೂ ಕಡೆ ಗಿರಾಕಿ ಇರಬೇಕು ಅಷ್ಟೇ. ಅದು ಇರುವುದು ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಜೊತೆ ವ್ಯಾಪಾರವೇ ಇಲ್ಲದವರೂ ಡಾಲರಿಗೆ ಯಾಕೆ ಹೆದರಬೇಕು?

ಬಿಲ್ಲು ಡಾಲರಿನಲ್ಲಿ ಇರುವುದರಿಂದ. ಮೈಸೂರಿನಲ್ಲಿ ಓದಿದ, ಕಣ್ಣೂರಿನ ಮನೆತನದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಹೆಸರು ಮಾಡಿದ್ದು ಇದೇ ವಿಷಯದಲ್ಲಿ. 2015ರಲ್ಲಿ ಅವರು ಕೊಟ್ಟ ಲೆಕ್ಕದಲ್ಲಿ ಭಾರತದ ಆಮದಿನ ಸುಮಾರು ಶೇ 86ರ ಬಿಲ್ಲು ಡಾಲರಿನಲ್ಲಿತ್ತು. ಅಮೆರಿಕದಿಂದ ಬರುತ್ತಿದ್ದದ್ದು ಶೇ 5ರಷ್ಟು.

ಪುಸ್ತಕದಲ್ಲಿ ಓದಿದ್ದು, ರೂಪಾಯಿ ಬಿದ್ದರೆ ನಮ್ಮ ಸರಕು ಹೊರಗೆ ಅಗ್ಗವಾಗಿ ರಫ್ತು ಏರುತ್ತದೆ ಎಂದು. ಬಿಲ್ಲು ಡಾಲರಿನಲ್ಲಿದ್ದರೆ ಕೂಡಲೇ ಹಾಗಾಗುವುದಿಲ್ಲ. ಜಪಾನಿನವನಿಗೆ ನಮ್ಮ ತಿರುಳಿನ ಡಾಲರು ಬೆಲೆ ಅಷ್ಟೇ ಇದೆ, ಅವನು ನೋಡುವುದು ಯೆನ್ ಮತ್ತು ಡಾಲರಿನ ದರ. ನಮ್ಮ ಆಮದು ಮಾತ್ರ ಆ ಕ್ಷಣಕ್ಕೇ ದುಬಾರಿ. ಡಾಲರೊಂದೇ ಎಲ್ಲರ ಎದುರು ಗಟ್ಟಿಯಾದಾಗ ಇಡೀ ಜಗತ್ತಿನ ವ್ಯಾಪಾರವೇ ಕುಗ್ಗುತ್ತದೆ ಎಂದು ಅವರೂ ಜೊತೆಗಾರರೂ ತೋರಿಸಿದ್ದಾರೆ.

ಗಲ್ಫಿನವರ ಹಾಗೆ ನಾವೂ ಡಾಲರಿಗೆ ಕಟ್ಟಿಹಾಕಿದರೆ ಆಯಿತಲ್ಲ?

ಅವರು ಮಾರುವುದೇ ಡಾಲರಿನ ಎಣ್ಣೆ, ಅವರಿಗೆ ಸರಿಹೊಂದುತ್ತದೆ. ಅದಕ್ಕೂ ಬೆಲೆ ಇದೆ: 2022ರಲ್ಲಿ ಅಮೆರಿಕ ಬಡ್ಡಿ ಏರಿಸಿದಾಗ ಯುಎಇಯೂ ಏರಿಸಲೇಬೇಕಾಯಿತು, ಅಲ್ಲಿ ಬೇಕಿತ್ತೋ ಬೇಡವೋ. ನಮ್ಮ ಬಡ್ಡಿಯನ್ನು ನಮ್ಮ ಮಳೆ, ನಮ್ಮ ಬೆಲೆಯೇರಿಕೆ ನೋಡಿ ನಿರ್ಧರಿಸಬೇಕಾದರೆ ದರವನ್ನು ಸಡಿಲ ಬಿಡಲೇಬೇಕು.

ಕಟ್ಟಿಹಾಕಿದ ದರದಲ್ಲಿ ಏರಿಳಿತ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದು ಒಳಗೇ ಕೂಡಿಡುತ್ತಾ ಒಂದು ದಿನ ಒಟ್ಟಿಗೆ ಬರುತ್ತದೆ. ನಮ್ಮ 1966, ಥಾಯ್ಲೆಂಡಿನ 1997ರ ಜುಲೈ 2, ಅರ್ಜೆಂಟೀನಾದ 2002, ಎಲ್ಲ ಹಾಗೆಯೇ ಒಡೆದವು. ಸ್ವಿಟ್ಜರ್ಲೆಂಡಿನಂಥ ಗಟ್ಟಿ ದೇಶ 2015ರ ಜನವರಿ 15ರಂದು ಯೂರೋ ಎದುರಿನ ಮಿತಿ ತೆಗೆದಾಗ ಫ್ರಾಂಕ್ ಕೆಲವೇ ನಿಮಿಷಗಳಲ್ಲಿ ಹುಚ್ಚೆದ್ದು ಏರಿತು.

ಏರಿಳಿತದಿಂದ ವ್ಯಾಪಾರ ಕೆಡುತ್ತದೋ, ವ್ಯಾಪಾರ ಕೆಟ್ಟು ಏರಿಳಿತ ಬರುತ್ತದೋ?

ಎರಡೂ. 2022ರ ಶ್ರೀಲಂಕಾ ನೋಡಿ. ಕೋವಿಡ್ಡಿನಲ್ಲಿ ಪ್ರವಾಸಿಗಳು ನಿಂತು ಡಾಲರಿನ ಒರತೆ ಬತ್ತಿತ್ತು. ದರವನ್ನು 200ರ ಹತ್ತಿರ ಹಿಡಿದಿಟ್ಟಿದ್ದರು. ಮಾರ್ಚಿನಲ್ಲಿ ಬಿಟ್ಟ ಮೇಲೆ ಎರಡೇ ತಿಂಗಳಲ್ಲಿ ಡಾಲರಿಗೆ 360 ಆಯಿತು. ಆಮದಿಗೆ ಬ್ಯಾಂಕುಗಳಲ್ಲಿ ಡಾಲರಿಲ್ಲದೆ ಇಂಧನಕ್ಕೆ ಕ್ಯೂ ನಿಂತರು. ವ್ಯಾಪಾರದ ಕೊರತೆ ದರವನ್ನು ಕೆಡಿಸಿತು, ಕೆಟ್ಟ ದರ ವ್ಯಾಪಾರವನ್ನು ನಿಲ್ಲಿಸಿತು.

ನಮ್ಮಲ್ಲಿ 2013ರಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಗೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಗ್ಗದ ವಿನಿಮಯ ಸೌಲಭ್ಯ ಕೊಟ್ಟಿತು. ಸುಮಾರು 26 ಬಿಲಿಯನ್ ಡಾಲರು ಬಂತು, ರೂಪಾಯಿ ತಣ್ಣಗಾಯಿತು.

ಪ್ರಾಜೆಕ್ಟ್ ಮಾಡಬೇಕು. ಏರಿಳಿತವನ್ನು ನಾವೇ ಅಳೆಯುವುದು ಹೇಗೆ?

ಕಾಲೇಜಿನ ಮಕ್ಕಳು ಕೇಳುವುದು ಇದನ್ನೇ. ರಿಸರ್ವ್ ಬ್ಯಾಂಕಿನ ತಿಂಗಳ ಸರಾಸರಿ ದರ ತೆಗೆದುಕೊಳ್ಳಿ. ಪ್ರತಿ ತಿಂಗಳೂ ಹಿಂದಿನ ತಿಂಗಳಿಗಿಂತ ಶೇಕಡಾ ಎಷ್ಟು ಬದಲಾಯಿತು ಎಂದು ಬರೆಯಿರಿ. ಹನ್ನೆರಡು ತಿಂಗಳ ಆ ಬದಲಾವಣೆಗಳ ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್) ತೆಗೆಯಿರಿ. ಬರೀ ದರದ ಮೇಲೆ ವಿಚಲನೆ ತೆಗೆಯಬೇಡಿ, ನಿಧಾನದ ಇಳಿತವೂ ಏರಿಳಿತದಂತೆ ಕಾಣುತ್ತದೆ.

ಡಾಲರೊಂದನ್ನೇ ನೋಡುವುದಕ್ಕಿಂತ ರಿಸರ್ವ್ ಬ್ಯಾಂಕಿನ 40 ಕರೆನ್ಸಿಗಳ ನೈಜ ದರದ ಸೂಚ್ಯಂಕವನ್ನೂ ಪಕ್ಕದಲ್ಲಿಡಿ. ಅದರಲ್ಲಿ ಎರಡೂ ಕಡೆಯ ಬೆಲೆಯೇರಿಕೆ ಕಳೆದಿರುತ್ತದೆ. ಇನ್ನು ರಫ್ತಿನ ಕಡೆಗೆ ದೇಶದ ಒಟ್ಟು ಅಂಕಿಯ ಬದಲು ಒಂದೇ ಸರಕು ಹಿಡಿಯಿರಿ, ಗೇರು ತಿರುಳು ಅಂತಿಟ್ಟುಕೊಳ್ಳಿ. ಏರಿಳಿತದ ಅಂಕಿಯನ್ನು ರಫ್ತಿನ ಅಂಕಿಗಿಂತ ಮೂರೋ ಆರೋ ತಿಂಗಳು ಹಿಂದಕ್ಕೆ ಸರಿಸಿ ಹೋಲಿಸಿ. ಈ ತಿಂಗಳು ಹಡಗು ಹತ್ತಿದ ಸರಕಿಗೆ ಬೆಲೆ ಮಾತಾಡಿದ್ದು ಈ ತಿಂಗಳಲ್ಲ.